ಗೋಡೆಗೆ ಅಂಟಿಸಿದ ಕರೆ

"ಗುರುಗಳೇ, ಮಠದ ಪ್ರತಿ ಹಬ್ಬಕ್ಕೂ ನನ್ನ ತಮ್ಮನಿಗೆ ಆಹ್ವಾನಪತ್ರಿಕೆ ಕಳಿಸುತ್ತೇನೆ. ಊರಿಗೆ ಹೋಗುವವರ ಕೈಯಲ್ಲೆಲ್ಲ ಹೇಳಿ ಕಳಿಸುತ್ತೇನೆ. ಅವನು ಬರುವುದಿಲ್ಲ. ನನಗಿರುವ ಹಂಬಲ ಅವನಿಗೇಕಿಲ್ಲ?" ಎಂದು ಶಿಷ್ಯ ಬಸವಂತ ಕೇಳಿದ.

ಗುರುಗಳು ಪೀಠಕ್ಕೆ ಬಂದು ಹೆಚ್ಚು ದಿನವಾಗಿರಲಿಲ್ಲ. "ಒಂದು ಕತೆಯಿದೆ" ಎಂದರು. "ಆದರೆ ನನಗೆ ಕತೆ ಹೇಳುವ ರೂಢಿಯಿಲ್ಲ. ಬೇಡದ್ದನ್ನೆಲ್ಲ ಬಿಡಿಸಿ ಹೇಳಿಬಿಡುತ್ತೇನೆ. ಹೊಟ್ಟೆಗೆ ಹಾಕಿಕೊ." ಹಾಗೆಂದು ಕತೆ ಶುರುಮಾಡಿದರು.

ಒಂದು ಸಣ್ಣ ಪೇಟೆಯಲ್ಲಿ ಒಬ್ಬ ದರ್ಜಿಯಿದ್ದ. ವರ್ಷಕ್ಕೊಮ್ಮೆ ಊರವರನ್ನು ಕೂಡಿಸಿ ನಾಟಕ ಆಡಿಸುತ್ತಿದ್ದ. ಊರವರು ಎಂದರೆ ಕಸುಬಿನ ನಟರಲ್ಲ. ಕಿರಾಣಿ ಅಂಗಡಿಯವನೇ ರಾಜ, ಅಂಚೆಯವನೇ ರಾಣಿ. ಹಾಡುವವನು ದರ್ಜಿ. ಅವನ ಹಾಡಿಗೆ ಪೆಟ್ಟಿಗೆ ನುಡಿಸುವವನು ಅವನ ಗೆಳೆಯ, ಒಬ್ಬ ಬಳೆಗಾರ. ಪೆಟ್ಟಿಗೆ ಎಂದರೆ ಹಾರ್ಮೋನಿಯಂ. ಆ ಕಡೆ ಹಾಗೇ ಅನ್ನುತ್ತಾರೆ. ದರ್ಜಿಯ ದನಿ ಎಲ್ಲಿ ಬಳಲುತ್ತದೆಂದು ಬಳೆಗಾರನ ಬೆರಳಿಗೆ ಗೊತ್ತಿತ್ತು. ಬಳಲುವ ಮೊದಲೇ ಬೆರಳು ಅಲ್ಲಿಗೆ ಹೋಗಿ ಕಾಯುತ್ತಿತ್ತು.

ಅಲ್ಲೊಂದು ಪದ್ಧತಿ. ತಾಲೀಮಿಗೆ ಮೊದಲು ಆಡಿಸುವವನು ಒಬ್ಬೊಬ್ಬರ ಮನೆಗೂ ಹೋಗಿ ವೀಳ್ಯ ಕೊಡಬೇಕು. ವೀಳ್ಯ ಎಂದರೆ ಎರಡು ಎಲೆ, ಒಂದು ಅಡಿಕೆ, ಅಷ್ಟೆ. ಆದರೆ ಅದನ್ನು ಹಿಡಿಯದೆ ಯಾರೂ ರಂಗ ಹತ್ತುವಂತಿಲ್ಲ.

ಒಮ್ಮೆ ತಾಲೀಮಿನಲ್ಲಿ ಶ್ರುತಿಯ ವಿಷಯಕ್ಕೆ ಮಾತು ಬೆಳೆಯಿತು. "ನಿನ್ನ ಪೆಟ್ಟಿಗೆ ಇಲ್ಲದಿದ್ದರೆ ನಾಟಕವೇನೂ ನಿಲ್ಲುವುದಿಲ್ಲ" ಎಂದು ದರ್ಜಿ ಎಲ್ಲರೆದುರು ಅಂದುಬಿಟ್ಟ. ಬಳೆಗಾರ ಪೆಟ್ಟಿಗೆ ಎತ್ತಿಕೊಂಡು ಮನೆಗೆ ನಡೆದ. ನಾಟಕ ನಿಲ್ಲಲಿಲ್ಲ. ದರ್ಜಿಗೆ ಮಾತ್ರ ಹಾಡಲು ಆಗಲಿಲ್ಲ.

ಮರುವರ್ಷ ವೀಳ್ಯ ಹಿಡಿದು ಆ ಬಾಗಿಲಿಗೆ ಹೋಗಲು ಅವನಿಗೆ ಮುಖವಿರಲಿಲ್ಲ. ಅದಕ್ಕೊಂದು ಉಪಾಯ ಹೂಡಿದ. ನಾಟಕದ ಪೋಸ್ಟರಿನಲ್ಲಿ 'ಹಾರ್ಮೋನಿಯಂ' ಎಂಬುದರ ಮುಂದೆ ಗೆಳೆಯನ ಹೆಸರನ್ನೇ ದಪ್ಪಕ್ಷರದಲ್ಲಿ ಬರೆದ. ಬಳೆಗಾರನ ಮನೆಯೆದುರಿನ ಗೋಡೆಗೆ ಕೈಯಾರೆ ಅಂಟಿಸಿದ. ಹೆಸರು ಓದಿ ಬಂದಾನು ಎಂದು, ಪೆಟ್ಟಿಗೆ ಇಡುವ ಜಾಗ ಖಾಲಿ ಬಿಟ್ಟು ಕಾದ. ಬಳೆಗಾರ ಬರಲಿಲ್ಲ. ಪ್ರತಿವರ್ಷವೂ ಹೀಗೇ ಆಯಿತು.

"ಹೆಸರು ಗೋಡೆಯ ಮೇಲೆ, ಪೆಟ್ಟಿಗೆ ಮನೆಯ ಒಳಗೆ!" ಎಂದು ಕಿರಾಣಿಯವನು ಛೇಡಿಸಿದ. ದರ್ಜಿ ನಗಲಿಲ್ಲ. ಮುಂದಿನ ಸಲ ಅಕ್ಷರ ಇನ್ನಷ್ಟು ದೊಡ್ಡದು ಮಾಡಿದ.

ಪೋಸ್ಟರ್ ಅಂಟಿಸುವುದು ಮೈದಾ ಗಂಜಿಯಿಂದ. ಇದನ್ನೇಕೆ ಹೇಳುತ್ತೇನೆಂದರೆ, ಮೈದಾ ವಾಸನೆಗೆ ಬೀದಿ ದನಗಳು ಬಂದು ಕಾಗದವನ್ನೇ ತಿಂದುಬಿಡುತ್ತವೆ. ಪೇಟೆಯ ಯಾವ ಪೋಸ್ಟರೂ ನಾಟಕದ ದಿನದವರೆಗೆ ಉಳಿಯುತ್ತಿರಲಿಲ್ಲ. ಬಳೆಗಾರನ ಮನೆಯೆದುರಿನದು ಮಾತ್ರ ಉಳಿಯುತ್ತಿತ್ತು. ಆ ಓಣಿಗೆ ದನ ಬರುವುದಿಲ್ಲವೆಂದು ದರ್ಜಿ ತಿಳಿದಿದ್ದ.

ಒಂದು ವರ್ಷ, ದನ ತಿಂದ ಕಡೆಯೆಲ್ಲ ಹೊಸ ಪೋಸ್ಟರ್ ಅಂಟಿಸುತ್ತ ಆ ಓಣಿಯ ಮೂಲೆಗೆ ಬಂದ. ಒಂದು ಹಸು ಗೋಡೆಗೆ ಮೂತಿ ಚಾಚಿತ್ತು. ಬಳೆಗಾರ ಜಗಲಿಯಿಂದ ಕೋಲು ಹಿಡಿದು ಓಡಿಬಂದ. ಹಸುವನ್ನು ಅಟ್ಟಿದ. ಎದ್ದಿದ್ದ ಅಂಚನ್ನು ಅಂಗೈಯಿಂದ ಒತ್ತಿ ಕೂರಿಸಿದ. ಪೋಸ್ಟರಿನಲ್ಲಿ ಆಡಿಸುವವನೆಂದು ಬರೆದಿದ್ದ ದರ್ಜಿಯ ಹೆಸರಿನ ಮೇಲೆ ಆ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅವನು ಒಳಗೆ ಹೋದ.

ಜಗಲಿಯಲ್ಲಿ ಕೂತಿದ್ದ ಬಳೆಗಾರನ ತಾಯಿ ದರ್ಜಿಯನ್ನು ಕಂಡಳು.

"ಏನೋ, ಗೋಡೇನ ಕರೆಯೋಕೆ ಬಂದೆಯಾ?"

"ಅವನ ಹೆಸರು ಬರೆದಿದ್ದೀನಲ್ಲವ್ವಾ."

"ಪೋಸ್ಟರ್ ನೋಡಿ ಬರೋಕೆ ಅವನೇನು ಟಿಕೆಟ್ ಕೊಳ್ಳೋನೇನೋ? ನಾಟಕ ಹತ್ತಿರ ಬಂತು ಅಂದರೆ ಪೆಟ್ಟಿಗೆ ಒರೆಸಿಟ್ಟು ಬಾಗಿಲ ಕಡೆ ನೋಡ್ತಾ ಕೂತಿರ್ತಾನೆ. ಎರಡು ಎಲೆಗೆ ಬರ ಬಂದಿತ್ತೇನೋ ನಿನಗೆ?"

ದರ್ಜಿ ತನ್ನ ಕೈಗಳನ್ನು ನೋಡಿಕೊಂಡ. ಒಂದರಲ್ಲಿ ಗಂಜಿಯ ಬಕೆಟ್, ಇನ್ನೊಂದರಲ್ಲಿ ಪೋಸ್ಟರಿನ ಸುರುಳಿ.

ಗುರುಗಳು ಕತೆಯನ್ನು ಇಲ್ಲಿ ನಿಲ್ಲಿಸಿದರು. "ಇದರ ಅರ್ಥವನ್ನೂ ಹೇಳಿಬಿಡುತ್ತೇನೆ. ಗೋಡೆ ಎಂದರೆ ಇಲ್ಲಿ ಬರೀ ಗೋಡೆಯಲ್ಲ. ಇನ್ನು ಆ ಹಸು ಎಂದರೆ..."

"ಬುದ್ಧೀ, ಪಂಕ್ತಿ ಕೂತಿದೆ, ಎಲ್ಲರೂ ಕಾಯುತ್ತಿದ್ದಾರೆ" ಎಂದು ದಾಸೋಹದ ಮನೆಯಿಂದ ಯಾರೋ ಕೂಗಿದರು. ಗುರುಗಳು ಅರ್ಥವನ್ನು ಅಲ್ಲಿಗೇ ಬಿಟ್ಟು ಎದ್ದರು.

"ದರ್ಜಿ ಆಮೇಲೆ ವೀಳ್ಯ ತಂದನೇ?" ಎಂದು ಬಸವಂತ ಹಿಂದೆಯೇ ಬಂದು ಕೇಳಿದ.

ಗುರುಗಳು ಹೊಸ್ತಿಲಲ್ಲಿ ತಿರುಗಿ ನಿಂತರು.

"ನಿನ್ನ ತಮ್ಮನ ಮನೆ ಇಲ್ಲಿಂದ ಎಷ್ಟು ದೂರ?"