ಕಪ್ಪೆ ಮೇಸ್ತ್ರಿ ಹಾಕಿದ ಚಾವಣಿ

"ಏಡಿಯಣ್ಣ, ದಾರಿ ತಪ್ಪಿದೆ. ಕಪ್ಪೆ ಮೇಸ್ತ್ರಿಯ ಮನೆ ಯಾವ ಕಡೆ?" ಎಂದು ಕೇಳಿತು, ನೆನೆದು ತೊಪ್ಪೆಯಾಗಿದ್ದ ಹೇಂಟೆ.

"ನೇರ ಹೋಗಕ್ಕ," ಎಂದು ಏಡಿ ಅಡ್ಡಡ್ಡ ನಡೆದು ತೋರಿಸಿತು. ಕೆರೆಯನ್ನೆಲ್ಲ ಸುತ್ತಿ ಹೇಂಟೆ ಕೊನೆಗೂ ಮೇಸ್ತ್ರಿಯನ್ನು ಹಿಡಿಯಿತು.

"ನೀನು ಹಾಕಿದ ಚಾವಣಿ ಸೋರುತ್ತಿದೆ. ಕಾವಿಗಿಟ್ಟ ಮೊಟ್ಟೆಗಳು ತಣ್ಣಗಾಗುತ್ತಿವೆ!"

"ಎಲ್ಲಾ ಕಡೆ ಸೋರುತ್ತಿದೆಯೇ?"

"ಒಂದು ಮೂಲೆಯನ್ನೂ ಬಿಟ್ಟಿಲ್ಲ."

ಕಪ್ಪೆ ಎದೆಯುಬ್ಬಿಸಿತು. "ನನ್ನ ಮನೆಯೇ ಇಷ್ಟು ಚೆನ್ನಾಗಿ ಸೋರುವುದಿಲ್ಲ, ತಾಯಿ. ನಿಮಗೆಂದೇ ಮುತುವರ್ಜಿಯಿಂದ ಮಾಡಿದೆ. ಅದಿರಲಿ, ಕೂಲಿಗೆ ಬದಲು ಹಾಸಿಗೆ ಹಾಸಿಕೊಡುತ್ತೇನೆ ಅಂದಿದ್ದಿರಲ್ಲ?"

ಹೇಂಟೆ ಕಪ್ಪೆಯ ತಂಪು ಬಿಲದ ತುಂಬ ಒಣ ಬೂದಿ ಕೆದರಿ ಹಾಸಿತು.

"ಮಲಗು, ಮೇಸ್ತ್ರಿ. ನಮ್ಮ ಕೋಳಿಕುಲದಲ್ಲಿ ಇದಕ್ಕಿಂತ ಒಳ್ಳೆಯ ಹಾಸಿಗೆಯಿಲ್ಲ. ನಾನೂ ನಿನಗೆಂದೇ ಮುತುವರ್ಜಿಯಿಂದ ಹಾಸಿದ್ದೇನೆ."