ಕಲಶಕ್ಕಿಂತ ಎತ್ತರದ ಕಂಬಿ

ಕರಿಕಲ್ಲಗುಡ್ಡದ ಮಠದಲ್ಲಿ ಪೂಜ್ಯ ಶಾಂತಮಲ್ಲ ಸ್ವಾಮಿಗಳ ಪಾಲಿಗೆಂದು ಇದ್ದದ್ದು ದಾಸೋಹದ ಅಡುಗೆಮನೆಗೆ ಅಂಟಿಕೊಂಡ ಒಂದು ಕೋಣೆ, ಒಂದು ಕಂಬಳಿ. ಭಕ್ತರು ದರ್ಶನಕ್ಕೆ ಬಂದಾಗಲೂ ಶ್ರೀಗಳು ಜೋಳ ಹಸನು ಮಾಡುತ್ತಲೇ ಮಾತನಾಡಿಸುತ್ತಿದ್ದರು.

ಆ ವರ್ಷ ಯುಗಾದಿ ಕಳೆದ ಮೇಲೆ ಲೈನ್‌ಮನ್ ದೇವೀಂದ್ರಪ್ಪ ಗುಡ್ಡ ಹತ್ತಿ ಬಂದ. ಹೆಗಲ ಮೇಲೆ ತಾಮ್ರದ ಪಟ್ಟಿಯ ಸುರುಳಿ, ಕೈಯಲ್ಲಿ ಆಳೆತ್ತರದ ಕಂಬಿ. ಹಿಂದಿನ ವೈಶಾಖದಲ್ಲಿ ಮಠದ ಗುಡಿಯ ಶಿಖರಕ್ಕೆ ಬಡಿದ ಸಿಡಿಲು ಗೋಡೆಗುಂಟ ಇಳಿದು, ಅಡುಗೆಮನೆಯಲ್ಲಿ ಅದೇ ಗೋಡೆಗೆ ಒರಗಿ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ನೀಲಮ್ಮನ ಪ್ರಾಣ ತೆಗೆದಿತ್ತು. ಸೇವೆ ಮಾಡುತ್ತಲೇ ಹೋದ ಪುಣ್ಯವಂತೆ ಎಂದು ಊರೆಲ್ಲ ಕೊಂಡಾಡಿತು. ಅವಳು ಬಿದ್ದ ಕಲ್ಲಿಗೆ ಹೆಂಗಸರು ಅರಿಸಿನ ಕುಂಕುಮ ಹಚ್ಚತೊಡಗಿದರು. ಅದನ್ನು ಕಂಡರೆ ದೇವೀಂದ್ರಪ್ಪನ ಮೈ ಉರಿಯುತ್ತಿತ್ತು. ಅಳಲು ಹೋದರೆ, ಇಂಥ ಸಾವಿಗೆ ಯಾರಾದರೂ ಅಳುತ್ತಾರೇನು ಎಂದು ಬಾಯಿ ಮುಚ್ಚಿಸುತ್ತಿದ್ದರು. ಅವನು ಅತ್ತೇ ಇರಲಿಲ್ಲ.

"ಈ ಕಂಬಿ ಶಿಖರದ ಮ್ಯಾಲ ನಿಲ್ಲಬೇಕ್ರಿ. ಪಟ್ಟಿ ಹೊರಗಿನಿಂದ ಇಳಿಸಿ, ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ ಅರ್ಥಿಂಗ್ ಕೊಡ್ತೀನಿ. ಸಿಡಿಲು ಬಿದ್ರ ಸೀದಾ ಭೂಮಿಗೆ ಹೋಗ್ತದ," ಎಂದ.

"ಎಷ್ಟು ಎತ್ತರ?" ಕೇಳಿದವರು ಮಠದ ಹಿರಿಯರಾದ ಸಂಗಣ್ಣಗೌಡರು.

"ಕಲಶಕ್ಕಿಂತ ಎರಡು ಮೊಳ ಮ್ಯಾಲ."

"ಹಂಗಾದ್ರ ಆಗಂಗಿಲ್ಲ ತಮ್ಮಾ. ಕಲಶಕ್ಕಿಂತ ಮ್ಯಾಲ ಏನೂ ಏರಬಾರದು. ಬೇಕಾದ್ರ ಹಿಂದಿನ ಗೋಡಿಗೆ, ತುಸು ಕೆಳಗ ಹಚ್ಚು."

"ಕೆಳಗ ಹಚ್ಚಿದ್ರ ಬಟ್ಟಿ ಒಣಗಸಾಕ ಬರ್ತದ್ರಿ ಗೌಡ್ರ, ಸಿಡಿಲಿಗಲ್ಲ."

ಅಡುಗೆಮನೆಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಗೌಡರ ಮುಖ ಬಿಗಿಯಿತು. "ನಿನ್ನ ಹೆಂಡತಿಗೆ ಅಂಥಾ ಪುಣ್ಯದ ಸಾವು ಕೊಟ್ಟ ದೇವರ ಮ್ಯಾಲ ಇಷ್ಟು ಸಿಟ್ಟೇನಪ?"

ದೇವೀಂದ್ರಪ್ಪ ಶ್ರೀಗಳ ಕಡೆ ತಿರುಗಿದ. "ಅಪ್ಪಾರ, ಇನ್ನೂ ಆರು ಮಂದಿ ಹೆಣ್ಮಕ್ಕಳು ಅದೇ ಗೋಡಿ ಬುಡಕ್ಕ ಕೂತು ರೊಟ್ಟಿ ಬಡೀತಾರ. ಮಳಿ ದಿನ ಹತ್ರ ಬಂದಾವ. ನೀವು ಒಲ್ಲೆ ಅಂದ್ರ ಹೋಗ್ತೀನಿ. ಮತ್ತ ಈ ಗುಡ್ಡ ಹತ್ತಂಗಿಲ್ಲ."

ಶ್ರೀಗಳು ಮೊರವನ್ನು ಪಕ್ಕಕ್ಕಿಟ್ಟರು.

"ಕಲಶಕ್ಕಿಂತ ಮ್ಯಾಲ ಏರಬಾರದಂದ್ರ, ಕಲಶ ಇಳಿಸ್ರಿ," ಎಂದರು.

ಶ್ರೀಗಳು ನಿಧಾನವಾಗಿ ಎದ್ದು ಬಂದು ಲೈನ್‌ಮನ್ನನ ಒರಟು ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಪುಣ್ಯವಂತಿ ಅಂತ ಮೊದಲು ಅಂದಾಂವ ನಾನೇ. ನಿಮ್ಮ ದುಃಖ ನನಗ ನೋಡ್ಲಿಕ್ಕ ಆಗ್ಲಿಲ್ಲ, ಅದಕ್ಕ ಅಂದೆ. ತಪ್ಪು ಮಾಡಿದೆ. ನೀಲಮ್ಮ ಇನ್ನೂ ಬದುಕಬೇಕಿತ್ತಪ್ಪ."

ವರ್ಷವಿಡೀ ಅವನು ಕೇಳಬೇಕೆಂದಿದ್ದ ಮಾತು ಅದೊಂದೇ. ಐವತ್ತು ದಾಟಿದ ಆ ಮನುಷ್ಯ ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತ. ಶ್ರೀಗಳು ಕೈ ಬಿಡಲಿಲ್ಲ. ಅಳಬೇಡ ಎಂದೂ ಅನ್ನಲಿಲ್ಲ.

ಅಳು ನಿಂತ ಮೇಲೆ ಗೌಡರು ಹತ್ತಿರ ಬಂದು, "ಕಲಶ ಇರ್ಲಿ ಅಪ್ಪಾರ. ಕಂಬೀನೂ ಏರ್ಲಿ," ಎಂದರು. ಮರುದಿನ ಗುಂಡಿಗೆ ಮೊದಲ ಬುಟ್ಟಿ ಇದ್ದಿಲು ಹೊತ್ತು ತಂದವರೂ ಅವರೇ.

ತಿಂಗಳೊಪ್ಪತ್ತಿನಲ್ಲಿ ಒಂದು ಸಂಜೆ ಆಕಾಶ ಕಪ್ಪಿಟ್ಟು ಗುಡುಗಿತು. ಹೆಂಗಸರು ರೊಟ್ಟಿಯ ಹಂಚು ಬಿಟ್ಟು ಎದ್ದರು. ಅರ್ಥಿಂಗ್ ನೋಡಲು ಬಂದಿದ್ದ ದೇವೀಂದ್ರಪ್ಪ ಒಳಗೆ ಬಂದು ಅವರ ನಡುವೆಯೇ ಕುಳಿತ.

"ಹೊರಗ ಹೋಗಬ್ಯಾಡ್ರಿ ತಾಯಿ, ಇಲ್ಲೇ ಕೂಡ್ರಿ. ಗೋಡಿಗೆ ಮಾತ್ರ ಒರಗಬ್ಯಾಡ್ರಿ."

ಅವರು ಕೂತರು. ಕಣ್ಣು ಕುಕ್ಕುವ ಬೆಳಕು, ಅದರ ಬೆನ್ನಿಗೇ ಗುಡ್ಡ ಬಿರಿಯುವಂಥ ಸದ್ದು. ಸಿಡಿಲು ಶಿಖರದ ಕಂಬಿಗೇ ಬಡಿದಿತ್ತು. ಪಟ್ಟಿಗುಂಟ ಇಳಿದು ಭೂಮಿ ಸೇರಿತು. ದೇವೀಂದ್ರಪ್ಪ ಒಲೆಯ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ ಒಂದೊಂದೇ ಮುಖ ಎಣಿಸಿದ. ಆರು. ಖಾತ್ರಿಗೆಂದು ಇನ್ನೊಮ್ಮೆ ಎಣಿಸಿದ.

ಆಮೇಲೆ ಎದ್ದು, ಬಾಗಿಲಲ್ಲಿ ನಿಂತಿದ್ದ ಶ್ರೀಗಳ ಪಾದದ ಮೇಲೆ ಹಣೆಯಿಟ್ಟ.