ಹಡಗಿನಲ್ಲಿ ನೇಕಾರನ ಪಾಲು

ಶಿಷ್ಯ ಕೇಳಿದ: "ಗುರುಗಳೇ, ಇವರ ಮಾತನ್ನು ನಂಬಲೇ?"

ಅವನ ಕೈಯಲ್ಲಿ ಹಾಳೆಗಳ ಕಟ್ಟು ಇತ್ತು. ಉಳಿತಾಯದ ಹಣವನ್ನು ಎಲ್ಲಿ ಹೂಡಬೇಕೆಂದು ಊರಿನವರಿಗೆ ಸಲಹೆ ಹೇಳುವುದು ಅವನ ಕಸುಬು. ಜನರ ಹಣವನ್ನು ಕೂಡಿಸಿ ಮಾರುಕಟ್ಟೆಯಲ್ಲಿ ತೊಡಗಿಸುವ ದೊಡ್ಡ ಸಂಸ್ಥೆಗಳು ಅವನಂಥ ಸಲಹೆಗಾರರಿಗೆಂದೇ ಬ್ಲಾಗ್ ಬರೆಯುತ್ತವೆ. ಅವುಗಳಲ್ಲಿ ಒಳ್ಳೆಯವನ್ನು ಆರಿಸಿ ಅಚ್ಚು ಹಾಕಿಸಿ ತಂದಿದ್ದ.

"ಮಾರುಕಟ್ಟೆ ಬಿದ್ದಿದೆ. ನನ್ನನ್ನು ನಂಬಿ ಹಣ ಹಾಕಿದ ಒಬ್ಬ ತಾಯಿ ನಾಳೆ ಬರುತ್ತಾರೆ. ಹಿಂದಕ್ಕೆ ತೆಗೆಯಲೇ, ಬಿಡಲೇ ಎಂದು ಕೇಳುತ್ತಾರೆ. ಬರೆದವರೆಲ್ಲ ಬಲ್ಲವರು. ಎಲ್ಲರೂ ಕಾಯಿರಿ ಎನ್ನುತ್ತಾರೆ. ಆದರೂ ನನಗೆ ಅನ್ನ ಸೇರುತ್ತಿಲ್ಲ."

ಗುರುಗಳು ಹಾಳೆಗಳನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಕತೆ ಹೇಳಿದರು.

ಕಡಲ ತೀರದ ಒಂದು ಪಟ್ಟಣದಲ್ಲಿ ಒಬ್ಬ ದಲ್ಲಾಳಿ ಇದ್ದ. ಊರಿನವರು ಅವನ ಮಾತು ಕೇಳಿ ಹಡಗುಗಳಲ್ಲಿ ಪಾಲು ಹಾಕುತ್ತಿದ್ದರು. ಹಡಗಿನ ಒಡೆಯರು ಅವನಂಥ ದಲ್ಲಾಳಿಗಳಿಗೆ ಓಲೆ ಬರೆಯುತ್ತಿದ್ದರು. ಗಾಳಿ ಎತ್ತ, ಮೆಣಸಿನ ಧಾರಣೆ ಎಷ್ಟು, ಯಾವ ರೇವಿನಲ್ಲಿ ಏನು ಕೊರತೆ, ಎಲ್ಲವೂ ಅದರಲ್ಲಿ ಇರುತ್ತಿತ್ತು. ದಲ್ಲಾಳಿ ಅವನ್ನು ಜಗಲಿಯ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತಿದ್ದ. ಜನ ಕೇಳಿ ಧೈರ್ಯ ತಂದುಕೊಳ್ಳುತ್ತಿದ್ದರು.

ಆ ಊರಿನ ಒಬ್ಬ ನೇಕಾರನಿಗೆ ಕಣ್ಣಿಗೆ ಪೊರೆ ಬರುತ್ತಿತ್ತು. ವರ್ಷಕ್ಕೊಮ್ಮೆ ಶಿವರಾತ್ರಿಯ ಹೊತ್ತಿಗೆ ಊರಿಗೆ ಬರುವ ವೈದ್ಯ ನೋಡಿ ಹೇಳಿದ್ದ: "ಈಗ ಪೊರೆ ಎಳೆಯದು. ಮುಂದಿನ ಸಲ ತೆಗೆಯುತ್ತೇನೆ. ಅದನ್ನೂ ದಾಟಿಸಿದರೆ ನನ್ನ ಕೈಯಲ್ಲಿ ಆಗದು." ವೈದ್ಯನಿಗೆ ಕೊಡಲು ನೇಕಾರ ಕೂಡಿಟ್ಟದ್ದು ಸಾಲದಾಗಿತ್ತು. ಬೆಳೆಯಲೆಂದು ಅದನ್ನು ಹಡಗಿಗೆ ಹಾಕಿದ. ಹಡಗು ಶಿವರಾತ್ರಿಗೆ ಮೊದಲೇ ಮರಳಬೇಕಿತ್ತು. ಯಾಕೆ ಹಾಕುತ್ತಿದ್ದೇನೆಂದು ದಲ್ಲಾಳಿಗೆ ಹೇಳಿಯೇ ಹಾಕಿದ.

ಆ ವರ್ಷ ಮಳೆ ಮುಗಿದರೂ ಕಡಲು ಶಾಂತವಾಗಲಿಲ್ಲ. ಹಡಗು ಹೊರಡುವುದು ತಡವಾಯಿತು. ಪಾಲುಗಾರರು ಹೆದರಿದರು. ಆ ರೇವಿನಲ್ಲಿ ಒಂದು ಕಟ್ಟಳೆ ಇತ್ತು. ಹಡಗು ಕಟ್ಟಿದ ಹಗ್ಗ ಬಿಚ್ಚುವ ಮೊದಲು ದಲ್ಲಾಳಿ ಬಂದು ಆ ಹಗ್ಗದ ಮೇಲೆ ಕೈ ಇಟ್ಟರೆ, ಅವನು ಹೇಳಿದವರ ಪಾಲನ್ನು ಒಡೆಯ ಹಿಂದಕ್ಕೆ ಕೊಡಲೇಬೇಕು. ಬಿಚ್ಚಿದ ಮೇಲೆ ಯಾರೂ ಕೇಳುವಂತಿಲ್ಲ.

ದಲ್ಲಾಳಿಗೂ ನಿದ್ದೆ ಬಾರದಾಯಿತು. ಅವನು ಒಡೆಯರ ಓಲೆಗಳನ್ನೆಲ್ಲ ತರಿಸಿ ಓದಿದ. ತಡವಾಗಿ ಹೋದ ಹಡಗಿಗೆ ಹೆಚ್ಚು ಬೆಲೆ ಸಿಗುತ್ತದೆ ಎಂದು ಒಂದು ಹೇಳಿತು. ಹೆದರಿ ಪಾಲು ತೆಗೆದವರು ಹಿಂದೆಯೂ ಮರುಗಿದ್ದಾರೆ ಎಂದು ಇನ್ನೊಂದು ಹೇಳಿತು. ಒಂದೂ ಬೇರೆ ಮಾತು ಆಡಲಿಲ್ಲ. ಹೆದರಿಕೆಯಾದಾಗಲೆಲ್ಲ ಅವನು ಮತ್ತೆ ಓದಿದ. ಓದುವಷ್ಟು ಹೊತ್ತು ಸಮಾಧಾನ ಇರುತ್ತಿತ್ತು.

ಹಗ್ಗ ಬಿಚ್ಚುವ ದಿನ ನೇಕಾರ ಗೋಡೆ ಹಿಡಿದುಕೊಂಡು ಬಂದ.

"ದಲ್ಲಾಳಿಯಪ್ಪಾ, ಒಂದು ಸಲ ರೇವಿಗೆ ಬಂದು ಕೈ ಇಟ್ಟುಬಿಡು. ಇರೋಷ್ಟನ್ನೇ ವೈದ್ಯನ ಮುಂದೆ ಸುರಿದು ಕಾಲು ಹಿಡೀತೀನಿ."

"ಈಗ ತೆಗೆದರೆ ನಷ್ಟ ಕಣಣ್ಣ. ಕೇಳು, ಓದ್ತೀನಿ," ಎಂದು ದಲ್ಲಾಳಿ ಓಲೆ ಬಿಡಿಸಿದ.

ನೇಕಾರ ಕೊನೆಯವರೆಗೂ ಕೇಳಿದ. ಆಮೇಲೆ ನಕ್ಕ. "ನಿನ್ನ ಮುಖ ನನಗೆ ಮಬ್ಬು. ದನಿ ಮಾತ್ರ ಚೆನ್ನಾಗಿ ಕೇಳುತ್ತೆ. ಬರೆದೋರು ಅಷ್ಟು ಗಟ್ಟಿ ಬರೆದಿದ್ದಾರೆ, ಓದೋ ನೀನು ಯಾಕಪ್ಪಾ ನಡುಗ್ತೀಯ?"

"ಗಂಟಲು ಕಟ್ಟಿದೆ," ಎಂದ ದಲ್ಲಾಳಿ.

"ಆಗಲಿ. ಓದು ಬಲ್ಲವನು ನೀನು. ನೀನು ಇರಲಿ ಅಂದರೆ ಇರಲಿ."

ದಲ್ಲಾಳಿ ಇರಲಿ ಎಂದ. ಮಧ್ಯಾಹ್ನ ಹಗ್ಗ ಬಿಚ್ಚಿದರು.

ಶಿವರಾತ್ರಿ ಬಂತು. ದಲ್ಲಾಳಿ ಹಗಲೆಲ್ಲ ಕಡಲು ನೋಡುತ್ತ ನಿಂತ. ಹಡಗಿನ ಹಾಯಿ ಕಾಣಲಿಲ್ಲ. ವೈದ್ಯ ಕೆಲವು ದಿನ ಛತ್ರದಲ್ಲಿದ್ದು ಮುಂದಿನ ಊರಿಗೆ ಹೋದ.

ಹಡಗು ಯುಗಾದಿ ಕಳೆದ ಮೇಲೆ ಬಂತು. ಒಂದು ಮೂಟೆಯೂ ನೆನೆದಿರಲಿಲ್ಲ. ಲಾಭ ಇಮ್ಮಡಿಯಾಗಿತ್ತು. ನಾವು ಹೇಳಿದಂತೆಯೇ ಆಯಿತು ಎಂದು ಒಡೆಯರು ಮತ್ತೆ ಓಲೆ ಬರೆದರು. ಅದು ನಿಜವಾಗಿತ್ತು. ದಲ್ಲಾಳಿ ಹಣದ ಚೀಲವನ್ನು ನೇಕಾರನ ಮನೆಗೆ ತಾನೇ ಹೊತ್ತುಕೊಂಡು ಹೋದ. ನೇಕಾರ ಮಗ್ಗದ ಮುಂದೆ ಸುಮ್ಮನೆ ಕುಳಿತಿದ್ದ. ಚೀಲವನ್ನು ಕೈಯಿಂದ ತಡವಿದ. "ಭಾರವಾಗಿದೆ," ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಹಾಳೆಗಳನ್ನು ಬಿಗಿಯಾಗಿ ಹಿಡಿದು ಕೇಳಿದ: "ಓಲೆಗಳು ಸುಳ್ಳಾಗಲಿಲ್ಲವಲ್ಲ. ಹಾಗಾದರೆ ಆ ತಾಯಿಗೆ ನಾನು ಕಾಯಿರಿ ಎನ್ನಬಹುದೇ?"

ಗುರುಗಳು ಕೇಳಿದರು: "ಆ ಹಣ ಆಕೆಗೆ ಯಾವಾಗ ಬೇಕು, ಯಾತಕ್ಕೆ ಬೇಕು?"

ಅದನ್ನು ಶಿಷ್ಯ ಆಕೆಯನ್ನು ಕೇಳಿಯೇ ಇರಲಿಲ್ಲ.